ಲೋಟಸ್ ಎಂಜಿನ್ ಸಿಮ್ಯುಲೇಷನ್: ಹುಬ್ಬಳ್ಳಿ ಗಾಳಿಯಲ್ಲಿ ಅದು ಹೇಳುವ ಎಚ್‌ಪಿ ಎಷ್ಟು ನಿಜ?

ಲೋಟಸ್ ಎಂಜಿನ್ ಸಿಮ್ಯುಲೇಷನ್ ಎಂದರೆ ಎಂಜಿನ್ನಿನ ಅಳತೆಗಳನ್ನು ತುಂಬಿದರೆ ಅದರ ಪವರ್ ಲೆಕ್ಕ ಹಾಕಿ ಹೇಳುವ ಕಂಪ್ಯೂಟರ್ ಸಾಫ್ಟ್‌ವೇರ್. ಅದನ್ನು ಹಳೆಯ ಕೆಟಿಎಂ 390 ಬೈಕಿನ ಸಿಂಗಲ್ ಸಿಲಿಂಡರ್ ಎಂಜಿನ್ (89 ಮಿ.ಮೀ. ಬೋರ್, 60 ಮಿ.ಮೀ. ಸ್ಟ್ರೋಕ್) ಮೇಲೆ ಬಹಳ ದಿನ ಬಳಸಿದ ಮೇಲಿನ ಅಭಿಪ್ರಾಯ ಇದು. ಪರದೆ ಮೇಲೆ ಬರುವ ಎಚ್‌ಪಿ ಅಂಕಿಗೆ ಮರುಳಾಗಬೇಡಿ. ಒಂದು ಪಾರ್ಟ್ ಬದಲಿಸಿದಾಗ ಆ ಅಂಕಿ ಎಷ್ಟು ಏರಿತು, ಎಷ್ಟು ಇಳಿಯಿತು ಅನ್ನುವುದನ್ನು ಮಾತ್ರ ಧೈರ್ಯವಾಗಿ ನಂಬಬಹುದು.

ನಮ್ಮ ಕಡೆಯವರು ಮೊದಲು ಎಡವುವುದು ಸಾಫ್ಟ್‌ವೇರಿಗೆ ಗಾಳಿಯ ಒತ್ತಡ ತುಂಬುವಾಗ. ಮೊಬೈಲಿನ ಹವಾಮಾನ ಆ್ಯಪ್ 1010 ಹೆಕ್ಟೊಪಾಸ್ಕಲ್ ಅನ್ನುತ್ತದೆ. ಅದು ಸಮುದ್ರಮಟ್ಟಕ್ಕೆ ತಿದ್ದಿದ ಲೆಕ್ಕ. ಹುಬ್ಬಳ್ಳಿ ಇರುವುದು ಸುಮಾರು 650 ಮೀಟರ್ ಎತ್ತರದಲ್ಲಿ, ಇಲ್ಲಿ ನಿಜವಾಗಿ ಇರುವುದು 935–940. ಧಾರವಾಡದಲ್ಲಿ ಇನ್ನೂ ಕಡಿಮೆ. ಆ್ಯಪ್ ನೋಡಿ ತುಂಬಿದರೆ ಶೇ 7ರಷ್ಟು ಗಾಳಿ ಪುಕ್ಕಟೆ ಸಿಕ್ಕಂತೆ, ಪವರ್ ಕೂಡ ಹೆಚ್ಚುಕಡಿಮೆ ಅಷ್ಟೇ ಉಬ್ಬುತ್ತದೆ.

ಡೈನೊ (ಪವರ್ ಅಳೆಯುವ ಯಂತ್ರ) ಶೀಟ್ ಕೈಗೆ ಬಂದಾಗ ಅದರಲ್ಲಿ ಕರೆಕ್ಷನ್, ಅಂದರೆ ಅಂಕಿಯನ್ನು ಒಂದು ನಿಗದಿತ ಹವೆಗೆ ತಿದ್ದುವ ಲೆಕ್ಕ, ಹಾಕಿದ್ದಾರೆಯೇ ಎಂದು ಕೇಳಿ. ಎಸ್‌ಎಇ ಜೆ1349 ಎಂಬ ಮಾನದಂಡದ ಲೆಕ್ಕ 990 ಹೆಕ್ಟೊಪಾಸ್ಕಲ್ ಒಣ ಗಾಳಿ, 25 ಡಿಗ್ರಿ ಶಾಖಕ್ಕೆ ಸರಿಹೊಂದಿಸಿದ್ದು. ಅದನ್ನು ಏಪ್ರಿಲ್ ಬಿಸಿಲಿನ ಗಾಳಿ ಕೊಟ್ಟು ಓಡಿಸಿದ ಸಿಮ್ಯುಲೇಷನ್ ಪಕ್ಕ ಇಟ್ಟರೆ ಶೇ 10ರ ಆಚೀಚೆ ಅಂತರ ಬರುತ್ತದೆ. ತಪ್ಪು ಯಾರದೂ ಅಲ್ಲ! ಜೊತೆಗೆ ಸಿಮ್ಯುಲೇಷನ್ ಹೇಳುವುದು ಕ್ರ್ಯಾಂಕಿನ, ಅಂದರೆ ಎಂಜಿನ್ನಿನಿಂದ ನೇರ ಹೊರಬರುವ ಪವರ್. ರೋಲರ್ ಡೈನೊ ಹೇಳುವುದು ಗೇರ್‌ಬಾಕ್ಸ್, ಚೈನು, ಟೈರು ತಿಂದು ಉಳಿದದ್ದು.

ಪೆಟ್ರೋಲ್ ವಿಷಯ. ಬಂಕ್‌ನಲ್ಲಿ ಈಗ ಸಿಗುವುದು ಇ20, ಅಂದರೆ ಶೇ 20ರಷ್ಟು ಎಥೆನಾಲ್ ಬೆರೆತದ್ದು. ಅದರ ಉಷ್ಣಮೌಲ್ಯ ಕೆ.ಜಿ.ಗೆ ಸುಮಾರು 40 ಮೆಗಾಜೂಲ್, ಶುದ್ಧ ಪೆಟ್ರೋಲಿನದು 43ರ ಮೇಲೆ. ಇದೊಂದನ್ನೇ ಇಳಿಸಿದರೆ ಪವರ್ ಸುಳ್ಳೇ ಕುಸಿಯುತ್ತದೆ. ಗಾಳಿ-ಇಂಧನ ಅನುಪಾತವನ್ನೂ (ಒಂದು ಕೆ.ಜಿ. ಇಂಧನ ಪೂರ್ತಿ ಉರಿಯಲು ಬೇಕಾದ ಗಾಳಿ) 14.7ರಿಂದ 13.6ಕ್ಕೆ ತರಬೇಕು. ಎರಡೂ ಬದಲಾದಾಗ ಒಂದು ಕೆ.ಜಿ. ಗಾಳಿಗೆ ಸಿಗುವ ಶಕ್ತಿ ಬಹುತೇಕ ಮೊದಲಿನಷ್ಟೇ.

ಪೋರ್ಟ್ ಫ್ಲೋಗೆ, ಅಂದರೆ ವಾಲ್ವ್ ದಾರಿಯಲ್ಲಿ ಗಾಳಿ ಹರಿಯುವ ಪ್ರಮಾಣಕ್ಕೆ, ಸಾಫ್ಟ್‌ವೇರಿನಲ್ಲೇ ಡಿಫಾಲ್ಟ್ ಕರ್ವ್ ಇದೆ, ಶುರುವಿಗೆ ಸಾಕು. ಆದರೆ ಸಿಲಿಂಡರ್ ಹೆಡ್ ಬಿಚ್ಚಿದ್ದರೆ ಫ್ಲೋ ಬೆಂಚ್ (ಆ ಹರಿವು ಅಳೆಯುವ ಯಂತ್ರ) ಮೇಲೆ ವಾಲ್ವನ್ನು 1 ಮಿ.ಮೀ. ಅಂತರದಲ್ಲಿ ಎತ್ತುತ್ತ, 28 ಇಂಚು ನೀರಿನ ಒತ್ತಡದಲ್ಲಿ ಅಳೆದು ತುಂಬಿ. ವಾಲ್ವ್ ಎತ್ತುವ ಕ್ಯಾಮ್ ಇನ್ನೂ ನಾಜೂಕು. ಸ್ಪೆಕ್ ಶೀಟ್‌ಗಳಲ್ಲಿ ಡ್ಯುರೇಷನ್ (ವಾಲ್ವ್ ತೆರೆದಿರುವ ಅವಧಿ, ಡಿಗ್ರಿಗಳಲ್ಲಿ) ಅನ್ನು ಹಲವು ಸಲ ವಾಲ್ವ್ 1 ಮಿ.ಮೀ. ಎದ್ದ ಮೇಲಿನಿಂದ ಎಣಿಸಿ ಕೊಟ್ಟಿರುತ್ತಾರೆ, ವಾಲ್ವ್ ಸೀಟು ಬಿಟ್ಟ ಕ್ಷಣದಿಂದ ಎಂದು ತಿಳಿದು ಹಾಕಿದರೆ ಕ್ಯಾಮ್ ಚಿಕ್ಕದಾಗಿ, ಪೀಕ್ ಪವರ್ ಕೆಳಗಿನ ಆರ್‌ಪಿಎಂಗೆ ಜಾರುತ್ತದೆ. ಡಿಗ್ರಿ ವೀಲ್, ಡಯಲ್ ಗೇಜ್ ಇಟ್ಟು 5 ಡಿಗ್ರಿಗೊಮ್ಮೆ ವಾಲ್ವ್ ಎಷ್ಟು ಎದ್ದಿದೆ ಎಂದು ನೀವೇ ಅಳೆಯುವುದೇ ವಾಸಿ.

ಮಾಡೆಲ್ ಹೊಂದಿಸುವಾಗ ಮೊದಲು ಗಾಳಿಯ ಹರಿವು, ಆಮೇಲೆ ದಹನ, ಕೊನೆಗೆ ಫ್ರಿಕ್ಷನ್ (ಒಳಭಾಗಗಳ ಘರ್ಷಣೆ). ಉಲ್ಟಾ ಮಾಡಿ ಫ್ರಿಕ್ಷನ್ ತಿರುಚಿಯೇ ಡೈನೊ ಅಂಕಿಗೆ ಕೂರಿಸಿದರೆ ಪೋರ್ಟಿನ ತಪ್ಪು ಒಳಗೇ ಅಡಗಿ ಕೂರುತ್ತದೆ, ಮುಂದೆ ಎಕ್ಸಾಸ್ಟ್ ಬದಲಿಸಿದಾಗ ಉತ್ತರ ದಾರಿ ತಪ್ಪುತ್ತದೆ.

ಇಷ್ಟು ಹದಗೊಳಿಸಿದ ಮೇಲೆ ಇದರ ನಿಜವಾದ ಬೆಲೆ ಗೊತ್ತಾಗುತ್ತದೆ. ಇನ್‌ಟೇಕ್ ರನ್ನರ್ (ಗಾಳಿ ಒಳಬರುವ ಪೈಪ್) ಉದ್ದ ಮಾಡಿದರೆ ಗರಿಷ್ಠ ಟಾರ್ಕ್ ಯಾವ ಆರ್‌ಪಿಎಂಗೆ ಇಳಿಯುತ್ತದೆ, ಹೆಡರ್ (ಎಕ್ಸಾಸ್ಟಿನ ಮೊದಲ ಪೈಪ್) ಉದ್ದ ಟಾರ್ಕ್ ಗೆರೆಯಲ್ಲಿ ಎಲ್ಲಿ ಗುಂಡಿ ತೋಡುತ್ತದೆ ಎಂಬುದನ್ನು ಪೈಪ್ ಕತ್ತರಿಸುವ ಮೊದಲೇ ಚೆನ್ನಾಗಿ ಹೇಳುತ್ತದೆ. ದಹನ ಮಾತ್ರ ವೀಬೆ ಕರ್ವ್‌ನಲ್ಲಿ (ಇಂಧನ ಎಷ್ಟು ಬೇಗ ಉರಿಯುತ್ತದೆ ಎಂದು ಹೇಳುವ ಗೆರೆ) ನಾವು ಕೊಟ್ಟದ್ದೇ. ಪಿಸ್ಟನ್ ತಲೆಯ ಆಕಾರ ಬದಲಿಸಿ ಇದರ ಹತ್ತಿರ ಕೇಳಿದರೆ ಕಂಪ್ರೆಷನ್ ವ್ಯತ್ಯಾಸ ಬಿಟ್ಟು ಬೇರೇನೂ ಹೇಳದು.

ಯಮಹಾ ಆರ್‌ಎಕ್ಸ್ 100ರಂಥ ಟೂ-ಸ್ಟ್ರೋಕ್ ಬೈಕ್ ಇಟ್ಟುಕೊಂಡವರು ಇಷ್ಟು ನಿಖರತೆ ನಿರೀಕ್ಷಿಸಬೇಡಿ. ಟೂ-ಸ್ಟ್ರೋಕ್‌ನಲ್ಲಿ ಸ್ಕ್ಯಾವೆಂಜಿಂಗ್ (ಹೊಸ ಗಾಳಿ ಬಂದು ಸುಟ್ಟ ಹೊಗೆಯನ್ನು ಹೊರದೂಡುವುದು) ಕೂಡ ಊಹೆಯೇ, ಎಕ್ಸ್‌ಪ್ಯಾನ್ಷನ್ ಚೇಂಬರಿನ (ಉಬ್ಬಿದ ಎಕ್ಸಾಸ್ಟ್ ಪೈಪ್) ಶಾಖ ಸ್ವಲ್ಪ ತಪ್ಪಿದರೂ ಪವರ್‌ಬ್ಯಾಂಡ್ ಸರಿದುಬಿಡುತ್ತದೆ.