ಗಾಲ್ಫ್ ಶಾಟ್ ಟ್ರ್ಯಾಕರ್: ಕೆಲವು ವರ್ಷ ಬಳಸಿದ ಮೇಲೆ

ಕ್ಲಬ್‌ನ, ಅಂದರೆ ಚೆಂಡು ಹೊಡೆಯುವ ಕೋಲಿನ, ಹಿಡಿಕೆಯ (ಗ್ರಿಪ್) ತುದಿಗೆ ತಿರುಗಿಸಿ ಕೂರಿಸುವ ಪುಟ್ಟ ಸೆನ್ಸರ್‌ಗಳು, ಜೊತೆಗೆ ಫೋನಿನಲ್ಲಿ ಒಂದು ಆಪ್. ಶಾಟ್ ಟ್ರ್ಯಾಕರ್ ಅಂದರೆ ಇಷ್ಟೇ. ಇದನ್ನು ಹಲವು ಕಂಪನಿಗಳು ಮಾಡುತ್ತವೆ, ಒಳಗಿನ ಕೆಲಸ ಹೆಚ್ಚುಕಮ್ಮಿ ಒಂದೇ. ನನ್ನ ಹತ್ತಿರ ಇರುವುದರ ಹೆಸರು ಬರೆಯುತ್ತಿಲ್ಲ. ಮುಂದೆ ಬರುವ ದೂರುಗಳಲ್ಲಿ ಹೆಚ್ಚಿನವು ಈ ಬಗೆಯ ಸಾಧನದವು, ಒಂದು ಕಂಪನಿಯವಲ್ಲ. ಕೊಂಡ ವಾರದಲ್ಲೇ ಬರೆದ ವಿಮರ್ಶೆಗಳು ಬೇಕಾದಷ್ಟಿವೆ. ಆಗ ಎಲ್ಲವೂ ಚೆನ್ನಾಗಿಯೇ ಇರುತ್ತದೆ. ಬ್ಯಾಟರಿ ಹೋದ ಮೇಲೆ, ಚಂದಾ ಮುಗಿದ ಮೇಲೆ, ಗ್ರಿಪ್ ಬದಲಾಯಿಸಿದ ಮೇಲೆ, ಬೇರೆ ದೇಶದ ಕೋರ್ಸ್‌ಗಳಿಗೆ ಹೊತ್ತು ತಿರುಗಿದ ಮೇಲೆ ಏನು ಉಳಿಯಿತು ಅಂತ ಇಲ್ಲಿ ಬರೆಯುತ್ತಿದ್ದೇನೆ.

ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಆಟ ಸುಧಾರಿಸಲಿ ಅಂತ ಕೊಂಡೆ, ಅದರಲ್ಲಿ ಇದಕ್ಕೆ ಪಾಸ್ ಮಾರ್ಕು. ಗಾಲ್ಫ್ ಪ್ರವಾಸ ಯೋಜಿಸಲು ನೆರವಾಗುತ್ತದೆ ಅಂತ ಪೆಟ್ಟಿಗೆಯ ಮೇಲೆ ಎಲ್ಲೂ ಬರೆದಿರಲಿಲ್ಲ. ಅದರಲ್ಲಿ ಫಸ್ಟ್ ಕ್ಲಾಸ್.

ಇದು ಕೆಲಸ ಮಾಡುವ ರೀತಿ ಸರಳ. ನೀವು ಚೆಂಡು ಹೊಡೆದಾಗ ಆ ಕ್ಲಬ್‌ನ ಸೆನ್ಸರ್ ಅದನ್ನು ಗುರುತಿಸುತ್ತದೆ. ಫೋನು ಆ ಕ್ಷಣ ನೀವಿರುವ ಜಾಗವನ್ನು ಜಿಪಿಎಸ್‌ನಿಂದ ಬರೆದುಕೊಳ್ಳುತ್ತದೆ. ಮುಂದಿನ ಹೊಡೆತದ ಜಾಗವನ್ನೂ ಬರೆದುಕೊಳ್ಳುತ್ತದೆ. ಎರಡರ ನಡುವಿನ ಅಂತರವೇ ಮೊದಲ ಹೊಡೆತದ ದೂರ. ಅಂದರೆ ಚೆಂಡು ಹಾರಿದ್ದನ್ನು ಇದು ನೋಡುವುದೇ ಇಲ್ಲ. ಉರುಳಿದ ದೂರವೂ ಲೆಕ್ಕದಲ್ಲಿ ಸೇರಿಹೋಗುತ್ತದೆ. ಮುಂದೆ ನೀರಿದೆ, ದಾಟಿಸಬೇಕು ಅನ್ನುವಾಗ ನಮಗೆ ಬೇಕಿರುವುದು ಕ್ಯಾರಿ, ಚೆಂಡು ಗಾಳಿಯಲ್ಲೇ ಎಷ್ಟು ಹೋಯಿತು ಅನ್ನುವುದು. ಅದನ್ನು ಹೇಳಲು ಚೆಂಡಿನ ಹಾರಾಟವನ್ನೇ ಅಳೆಯುವ ಲಾಂಚ್ ಮಾನಿಟರ್ ಬೇಕು. ಆಪ್‌ನಲ್ಲಿ ಡ್ರೈವರ್ (ಅತಿ ದೂರ ಹೊಡೆಯುವ ಕ್ಲಬ್) 220 ಯಾರ್ಡ್ ಅಂತ ತೋರಿಸಿತು ಅಂತ 210 ಯಾರ್ಡ್‌ನ ಕೆರೆ ದಾಟಿಸಲು ಹೋದರೆ ಚೆಂಡಿನ ಆಸೆ ಬಿಡಬೇಕು.

ಪಟಿಂಗ್, ಅಂದರೆ ಗ್ರೀನ್ ಮೇಲೆ (ಕುಳಿಯ ಸುತ್ತಲಿನ ನುಣುಪು ಹುಲ್ಲು) ಚೆಂಡನ್ನು ಕುಳಿಗೆ ಉರುಳಿಸುವ ವಿಷಯದಲ್ಲಿ ಇದನ್ನು ನಂಬುವ ಹಾಗೇ ಇಲ್ಲ. ಬಯಲಿನಲ್ಲೂ ಫೋನಿನ ಜಿಪಿಎಸ್ ಕೆಲವು ಮೀಟರ್ ಆಚೀಚೆ ತೋರಿಸುತ್ತದೆ. ಡ್ರೈವ್‌ನ ದೂರದಲ್ಲಿ ಮೂರು ಮೀಟರ್ ತಪ್ಪಿದರೆ ಏನೂ ಅಲ್ಲ. ಎರಡು ಮೀಟರ್ ಪಟ್‌ನಲ್ಲಿ ಮೂರು ಮೀಟರ್ ತಪ್ಪಿದರೆ? ಸುಮ್ನೆ ಪಟರ್ ಆಡಿಸಿದ್ದನ್ನೂ ಹೊಡೆತ ಅಂತ ಬರೆದುಕೊಳ್ಳುತ್ತದೆ, ಕುಳಿಯ ಅಂಚಿನಿಂದ ತಳ್ಳಿದ್ದನ್ನು ಬಿಟ್ಟುಬಿಡುತ್ತದೆ. ಬಾವುಟ ಗ್ರೀನ್‌ನ ಯಾವ ಮೂಲೆಯಲ್ಲಿತ್ತು ಅಂತ ನೀವೇ ಗುರುತು ಹಾಕದಿದ್ದರೆ ನಡುವೆಯೇ ಇತ್ತು ಅಂದುಕೊಳ್ಳುತ್ತದೆ. ಆಟ ಮುಗಿದ ಮೇಲೆ ಕೂತು ಒಂದೊಂದು ಹೋಲ್, ಅಂದರೆ ಮೊದಲ ಹೊಡೆತದಿಂದ ಕುಳಿಯವರೆಗಿನ ಒಂದೊಂದು ಭಾಗ, ತೆರೆದು ತಿದ್ದಬೇಕು. ಇದಕ್ಕೆ ತಾಳ್ಮೆ ಇಲ್ಲದವರು ಇದನ್ನು ಕೊಳ್ಳುವುದೇ ಬೇಡ. ತಿದ್ದದ ಲೆಕ್ಕ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ತಿದ್ದಿದವರಿಗೆ ಸಿಗುವುದು ಸ್ಟ್ರೋಕ್ಸ್ ಗೇನ್ಡ್, ಅಂದರೆ ಒಂದೊಂದು ಹೊಡೆತದಿಂದ ಎಷ್ಟು ಲಾಭ, ಎಷ್ಟು ನಷ್ಟ ಅನ್ನುವ ಲೆಕ್ಕ. ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಮಾರ್ಕ್ ಬ್ರಾಡಿ ಬೆಳೆಸಿದ ವಿಧಾನ ಇದು. ಅಮೆರಿಕದ ವೃತ್ತಿಪರರ ಪಂದ್ಯಸರಣಿ ಪಿಜಿಎ ಟೂರ್ 2011ರಲ್ಲಿ ಇದನ್ನು ಮೊದಲು ಪಟಿಂಗ್‌ಗೆ ಬಳಸಿತು. ಹೆಸರು ಕೇಳಿ ಹೆದರಬೇಕಿಲ್ಲ. ಟೂರ್ ಆಟಗಾರರು ಫೇರ್‌ವೇ (ಹೋಲ್‌ನ ಹುಲ್ಲು ಕತ್ತರಿಸಿದ ದಾರಿ) ಮೇಲೆ 160 ಯಾರ್ಡ್‌ನಿಂದ ಹೋಲ್ ಮುಗಿಸಲು ಸರಾಸರಿ ಸುಮಾರು 2.98 ಹೊಡೆತ ತೆಗೆದುಕೊಳ್ಳುತ್ತಾರೆ. ಗ್ರೀನ್ ಮೇಲೆ 20 ಅಡಿಯಿಂದ ಸುಮಾರು 1.87. ನೀವು 160 ಯಾರ್ಡ್‌ನಿಂದ ಹೊಡೆದು 20 ಅಡಿಗೆ ತಂದಿರಿ ಅನ್ನಿ. 2.98ರಲ್ಲಿ 1.87 ಕಳೆದರೆ 1.11. ನೀವು ಖರ್ಚು ಮಾಡಿದ್ದು ಒಂದು ಹೊಡೆತ. ಉಳಿದ 0.11 ನಿಮ್ಮ ಲಾಭ. ಅದೇ ಚೆಂಡು ಗ್ರೀನ್ ಪಕ್ಕದ ಮರಳುಗುಂಡಿಗೆ, ಅಂದರೆ ಬಂಕರ್‌ಗೆ, ಬಿದ್ದಿದ್ದರೆ? ಅಲ್ಲಿಂದ ಮುಗಿಸಲು ಅವರಿಗೇ ಸುಮಾರು 2.5 ಬೇಕು. ಒಂದೇ ಏಟಿಗೆ ಅರ್ಧ ಹೊಡೆತ ಹೋಯಿತು. ಸ್ಕೋರ್‌ಕಾರ್ಡ್‌ನಲ್ಲಿ ಇದು ಕಾಣುವುದಿಲ್ಲ. ಅಲ್ಲಿ ಕಾಣುವುದು ಬೋಗಿ (ಪಾರ್, ಅಂದರೆ ಹೋಲ್‌ಗೆ ನಿಗದಿಯಾದ ಹೊಡೆತಕ್ಕಿಂತ ಒಂದು ಹೆಚ್ಚು) ಅನ್ನುವ ಒಂದು ಅಂಕಿ ಮಾತ್ರ, ಅದು ಎಲ್ಲಿ ಹುಟ್ಟಿತು ಅನ್ನುವುದಿಲ್ಲ.

ಆಟ ಮುಗಿಸಿ ಬಂದ ಯಾರನ್ನೇ ಕೇಳಿ, ಇವತ್ತು ಪಟಿಂಗ್ ಕೈಕೊಟ್ಟಿತು ಅಂತಾರೆ. ಕೊನೆಗೆ ಆಡಿದ್ದು ಅದೇ ತಾನೆ, ನೆನಪಿನಲ್ಲಿ ಉಳಿಯುತ್ತದೆ. ಬ್ರಾಡಿಯವರ ಲೆಕ್ಕ ಬೇರೆಯೇ ಹೇಳುತ್ತದೆ. ಟೂರ್‌ನ ಮೇಲಿನ ಸಾಲಿನ ಆಟಗಾರರ ಮೇಲುಗೈಯಲ್ಲಿ ಪಟಿಂಗ್ ಪಾಲು ಸುಮಾರು 15 ಶೇಕಡಾ. ಗ್ರೀನ್‌ಗೆ ಗುರಿಯಿಟ್ಟ ಅಪ್ರೋಚ್ ಹೊಡೆತಗಳ ಪಾಲು ಸುಮಾರು 40. ನನ್ನ ಆಪ್‌ನಲ್ಲೂ ನಷ್ಟ ತೋರಿಸುವ ಕೆಂಪು ಪಟ್ಟಿ ಉದ್ದ ಇದ್ದದ್ದು ಅಪ್ರೋಚ್ ಮುಂದೆಯೇ. ಅದನ್ನು ಬಿಚ್ಚಿ ನೋಡಿದರೆ ಕಾರಣ ಇನ್ನೂ ಸ್ಪಷ್ಟ: ಚೆಂಡು ಎಡಕ್ಕೂ ಹೋಗುತ್ತಿರಲಿಲ್ಲ, ಬಲಕ್ಕೂ ಇಲ್ಲ. ಗ್ರೀನ್‌ಗಿಂತ ಮುಂಚೆಯೇ ಬೀಳುತ್ತಿತ್ತು. ವಾರಾಂತ್ಯದ ಆಟಗಾರರ ಹಣೆಬರಹವೇ ಇದು. ಜೀವಮಾನದಲ್ಲಿ ಚೆನ್ನಾಗಿ ತಾಗಿದ ಒಂದು 7-ಐರನ್ (ಮಧ್ಯಮ ದೂರದ ಕ್ಲಬ್) ಹೊಡೆತ ನೆನಪಿಟ್ಟುಕೊಂಡು ಪ್ರತಿ ಸಲ ಅದೇ ಕ್ಲಬ್ ಎತ್ತುತ್ತೇವೆ, ಅಲ್ವಾ?

ಆದ್ದರಿಂದ ಒಂದು ಸಲಹೆ. ಆಪ್ ತೋರಿಸುವ ಸರಾಸರಿಯನ್ನೂ ಕಣ್ಣುಮುಚ್ಚಿ ನಂಬಬೇಡಿ. ಕೆಟ್ಟ ಹೊಡೆತಗಳನ್ನು ತಾನೇ ಬದಿಗಿಟ್ಟು ಉಳಿದವುಗಳ ಲೆಕ್ಕ ಕೊಡುತ್ತದೆ. ಕೇಳಲು ಹಿತವಾಗಿರುತ್ತದೆ, ಆದರೆ ಅದು ನಿಮ್ಮ ಒಳ್ಳೆಯ ದಿನದ ಅಂಕಿ. ಒಂದು ಕ್ಲಬ್‌ನ ಹೊಡೆತಗಳನ್ನೆಲ್ಲ ಚುಕ್ಕಿಗಳಾಗಿ ತೋರಿಸುವ ಪುಟ ಇರುತ್ತದೆ, ಅದನ್ನು ನೋಡಿ. ಚುಕ್ಕಿಗಳು ದಟ್ಟವಾಗಿರುವ ಜಾಗವೇ ನಿಮ್ಮ ನಿಜವಾದ ದೂರ. ಅದನ್ನು ಹಿಡಿದು ಒಂದು ಹಂತ ಹೆಚ್ಚು ದೂರ ಹೋಗುವ ಕ್ಲಬ್ ತೆಗೆದುಕೊಂಡು ಗ್ರೀನ್ ನಡುವಿಗೆ ಗುರಿಯಿಟ್ಟರೆ ಸ್ವಿಂಗ್ ಬದಲಾಯಿಸದೆಯೇ ಸ್ಕೋರ್ ಇಳಿಯುತ್ತದೆ. ನನ್ನ ಆಟದಲ್ಲಿ ಈ ಸಾಧನದಿಂದ ಆದ ಲಾಭ ಹೆಚ್ಚುಕಮ್ಮಿ ಇಷ್ಟೇ. ಸ್ವಿಂಗ್‌ನಲ್ಲಿ ಏನು ತಪ್ಪಿದೆ ಅಂತ ಇದು ಹೇಳುವುದಿಲ್ಲ. ಅದಕ್ಕೆ ಕೋಚ್ ಹತ್ತಿರವೇ ಹೋಗಬೇಕು. ಕೋಚ್ ಮುಂದೆ ಈ ಚುಕ್ಕಿಗಳ ಪುಟ ಹಿಡಿದರೆ ಮೊದಲ ಪಾಠದ ಅರ್ಧ ಸಮಯ ಉಳಿಯುತ್ತದೆ.

ಇನ್ನು ಪ್ರವಾಸ. ಬೇರೆ ಕಡೆ ಆಡಲು ಹೋಗುವವರು ಮೊದಲು ನೋಡುವುದು ಫೋಟೊ. ಕಡಲು, ಬಂಡೆ, ಸಂಜೆಯ ಬೆಳಕು. ಹೋಲ್ ಶುರುಮಾಡುವ ಜಾಗಕ್ಕೆ ಟೀ ಅಂತಾರೆ, ಹತ್ತಿರದ್ದು ದೂರದ್ದು ಅಂತ ಹಲವು ಇರುತ್ತವೆ. ಯಾವ ಟೀಯಿಂದ ಆಡಬೇಕು ಅನ್ನುವುದನ್ನು ಅಲ್ಲಿಗೆ ಹೋಗಿ ಜೊತೆಯವರ ಮುಖ ನೋಡಿ ತೀರ್ಮಾನಿಸುತ್ತಾರೆ. ರಜೆ ಹಾಳಾಗುವುದು ಅಲ್ಲೇ. ಇದಕ್ಕೊಂದು ಹಳೆಯ ಕೈಲೆಕ್ಕ ಇದೆ: ನಿಮ್ಮ 5-ಐರನ್ ದೂರವನ್ನು 36ರಿಂದ ಗುಣಿಸಿ. 150 ಯಾರ್ಡ್ ಹೊಡೆಯುವವರಿಗೆ ಕೋರ್ಸ್‌ನ ಒಟ್ಟು ಉದ್ದ 5,400 ಯಾರ್ಡ್ ಆಗುವ ಟೀ ಸಾಕು. ಟ್ರ್ಯಾಕರ್ ಕೊಟ್ಟ ಅಂಕಿ ಹಾಕಿ ಗುಣಿಸಿದರೆ ಬರುವ ಉತ್ತರ ಅಹಂಕಾರಕ್ಕೆ ಸ್ವಲ್ಪ ಚುಚ್ಚುತ್ತದೆ. ಚುಚ್ಚಲಿ ಬಿಡಿ. ಗ್ರೀನ್‌ಗೆ ಹತ್ತಿರದ ಟೀಯಿಂದ ಆಡಿದ ದಿನ ಮಾತ್ರ ಪಾರ್-4 ಹೋಲ್‌ನ ಎರಡನೇ ಹೊಡೆತಕ್ಕೆ ಕೈಯಲ್ಲಿ ಐರನ್ ಇರುತ್ತದೆ.

ಸ್ಲೋಪ್ ರೇಟಿಂಗ್, ಅಂದರೆ ನುರಿತವರಿಗೆ ಹೋಲಿಸಿದರೆ ಸಾಮಾನ್ಯ ಆಟಗಾರರಿಗೆ ಕೋರ್ಸ್ ಎಷ್ಟು ಕಷ್ಟ ಅನ್ನುವ ಅಂಕಿ, ಅದನ್ನೂ ಬುಕಿಂಗ್‌ಗೆ ಮೊದಲೇ ನೋಡಿ. ಅದು 55ರಿಂದ 155ರವರೆಗೆ ಇರುತ್ತದೆ, 113 ಅಂದರೆ ಸಾಧಾರಣ ಕಷ್ಟದ ಕೋರ್ಸ್. ನಿಮ್ಮ ಆಟದ ಮಟ್ಟ ಹೇಳುವ ಹ್ಯಾಂಡಿಕ್ಯಾಪ್ ಇಂಡೆಕ್ಸ್ 18 ಇದ್ದರೆ, ಕೋರ್ಸ್ ರೇಟಿಂಗ್ (ನುರಿತವರಿಂದ ನಿರೀಕ್ಷಿಸುವ ಸ್ಕೋರ್) ಮತ್ತು ಪಾರ್ ಒಂದೇ ಆಗಿರುವ, 140 ಸ್ಲೋಪ್‌ನ ಕೋರ್ಸ್‌ನಲ್ಲಿ 22 ಹೊಡೆತದ ರಿಯಾಯಿತಿ ಸಿಗುತ್ತದೆ. ಅಷ್ಟು ಕೊಟ್ಟಿದ್ದಾರೆ ಅಂದರೆ ಅಷ್ಟು ಕಳೆದುಕೊಳ್ಳುತ್ತೀರಿ ಅಂತಲೇ ಅರ್ಥ. ನ್ಯೂಯಾರ್ಕ್‌ನ ಬೆತ್‌ಪೇಜ್ ಬ್ಲ್ಯಾಕ್ ಕೋರ್ಸ್‌ನಲ್ಲಿ ಇದು ಬಹಳ ಕಷ್ಟ, ಪಳಗಿದವರು ಮಾತ್ರ ಆಡಿ ಅನ್ನುವ ಅರ್ಥದ ಫಲಕವನ್ನೇ ಹಾಕಿದ್ದಾರೆ. ಎಲ್ಲ ಕೋರ್ಸ್‌ನವರೂ ಅಷ್ಟು ಪ್ರಾಮಾಣಿಕರಲ್ಲ. ಅಲ್ಲಿ ಸ್ಲೋಪ್ ಅಂಕಿಯೇ ಫಲಕ. ವಾರದ ಪ್ರವಾಸದಲ್ಲಿ ಎಲ್ಲವೂ 140ರ ಮೇಲಿನವೇ ಇದ್ದರೆ ನಾನು ಒಂದೆರಡು ಬದಲಾಯಿಸುತ್ತೇನೆ.

ಟ್ರ್ಯಾಕರ್ ಎಲ್ಲಿ ಕೈಚೆಲ್ಲುತ್ತದೆ ಅಂತ ನೋಡಬೇಕಾದರೆ ಸ್ಕಾಟ್ಲೆಂಡ್‌ನ ನಾರ್ತ್ ಬೆರಿಕ್ ವೆಸ್ಟ್ ಲಿಂಕ್ಸ್‌ಗೆ ಹೋಗಬೇಕು (ಲಿಂಕ್ಸ್ ಅಂದರೆ ಕಡಲ ತೀರದ ಮರಳು ನೆಲದ ಕೋರ್ಸ್). ಅಲ್ಲಿನ 15ನೇ ಹೋಲ್ ರೆಡಾನ್, ಪ್ರಪಂಚದ ಎಷ್ಟೋ ಕೋರ್ಸ್‌ಗಳು ನಕಲು ಮಾಡಿದ ಪಾರ್-3. ಟೀಯಲ್ಲಿ ನಿಂತರೆ ಅಡ್ಡಲಾಗಿ ಒಂದು ದಿಬ್ಬ. ಗ್ರೀನ್‌ನ ನೆಲ ಕಾಣುವುದಿಲ್ಲ. ಎಡಗಡೆ ಮುಂದೆ ಆಳದ ಬಂಕರ್. ಗ್ರೀನ್ ಬಲಮುಂಭಾಗದಿಂದ ಎಡಹಿಂಭಾಗಕ್ಕೆ ಇಳಿಜಾರು, ನಮ್ಮಿಂದ ದೂರಕ್ಕೆ. ಆಪ್ ಗ್ರೀನ್ ನಡುವಿಗೆ ದೂರ ಹೇಳಿ ಕ್ಲಬ್ ಸೂಚಿಸಿತು. ಆ ಕ್ಲಬ್‌ನಿಂದ ನೇರ ಗ್ರೀನ್ ಮೇಲೆ ಇಳಿಸಿದರೆ ಚೆಂಡು ಹಿಂದಕ್ಕೆ ಜಾರಿ ಹೋಗುತ್ತದೆ. ಅಲ್ಲಿ ಆಡಬೇಕಾದ್ದು ಬಲಕ್ಕೆ, ಸ್ವಲ್ಪ ಮುಂಚೆ. ಗಟ್ಟಿ ನೆಲದ ಮೇಲೆ ಒಂದು ಪುಟಿತ, ಆಮೇಲೆ ಇಳಿಜಾರೇ ಚೆಂಡನ್ನು ಬಾವುಟದ ಕಡೆ ಹೊತ್ತು ತರುತ್ತದೆ. ಜೊತೆಗೆ ಕ್ಲಬ್ ಹೊತ್ತು ಸಲಹೆ ಕೊಡುತ್ತಿದ್ದ ಕ್ಯಾಡಿ ಫೋನಿನ ಕಡೆ ನೋಡಲೂ ಇಲ್ಲ. ದೂರದ ಒಂದು ಗುರುತು ತೋರಿಸಿ, ಅದರ ಮೇಲೆ ಹೊಡೆಯಿರಿ ಅಂದರು ಅಷ್ಟೇ. ಲಿಂಕ್ಸ್‌ಗೆ ಹೋದಾಗ ಒಂದು ಸುತ್ತಿಗಾದರೂ ಕ್ಯಾಡಿ ತೆಗೆದುಕೊಳ್ಳಿ. ಅದು ಈ ಆಪ್‌ನ ವರ್ಷದ ಚಂದಾಕ್ಕಿಂತ ಹೆಚ್ಚು ಕಲಿಸುತ್ತದೆ.

ಲಿಂಕ್ಸ್‌ನಿಂದ ಬಂದ ಮೇಲೆ ಇನ್ನೊಂದು ತಮಾಷೆ. ಮರಳು ನೆಲದಲ್ಲಿ ಚೆಂಡು ಉರುಳಿ ಉರುಳಿ ಡ್ರೈವರ್ ಸರಾಸರಿ ಏರಿ ಕೂತಿರುತ್ತದೆ. ಎತ್ತರದ ಊರುಗಳಲ್ಲೂ ಹಾಗೇ. ಡೆನ್ವರ್‌ನಂತೆ ಸುಮಾರು 1,600 ಮೀಟರ್ ಎತ್ತರದಲ್ಲಿ ಗಾಳಿ ತೆಳು, ಚೆಂಡು ಹತ್ತಿರ ಹತ್ತಿರ 10 ಶೇಕಡಾ ಹೆಚ್ಚು ಹೋಗುತ್ತದೆ. ಇಂಥ ಸುತ್ತುಗಳನ್ನು ಸರಾಸರಿಯಿಂದ ತೆಗೆಯುವ ಗುಂಡಿ ಆಪ್‌ನಲ್ಲಿ ಇದೆಯೇ ಅಂತ ಕೊಳ್ಳುವ ಮೊದಲೇ ನೋಡಿಕೊಳ್ಳಿ. ಬಾಡಿಗೆ ಕ್ಲಬ್‌ನಲ್ಲಿ ಆಡಿದ ಸುತ್ತನ್ನಂತೂ ಸೇರಿಸಲೇಬೇಡಿ. ಒಂದು ಕಂಪನಿಯ 7-ಐರನ್ ಲಾಫ್ಟ್ (ಕ್ಲಬ್ ಮುಖದ ಓರೆ) 28 ಡಿಗ್ರಿ ಇದ್ದರೆ ಇನ್ನೊಂದರದ್ದು 34 ಇರಬಹುದು. ಎರಡಕ್ಕೂ ಅಡಿಯಲ್ಲಿ ಬರೆದಿರುವುದು ಮಾತ್ರ 7.

ಯಾರ್ಡ್, ಮೀಟರ್ ಗೊಂದಲಕ್ಕೆ ಈ ಆಪೇ ಮದ್ದು. ಬ್ರಿಟನ್, ಅಮೆರಿಕದಲ್ಲಿ ಯಾರ್ಡ್. ಸ್ಪೇನ್, ಪೋರ್ಚುಗಲ್ ಕಡೆ ಮೀಟರ್. ಅಲ್ಲಿನ ಕಂಬದ ಮೇಲೆ 150 ಅಂತ ಇದ್ದರೆ ಅದು 164 ಯಾರ್ಡ್. ಒಂದು ಕ್ಲಬ್‌ಗಿಂತ ಹೆಚ್ಚಿನ ವ್ಯತ್ಯಾಸ ಅಲ್ಲೇ ಆಯಿತು. ಆಪ್‌ನಲ್ಲಿ ಒಂದು ಸಲ ಯಾರ್ಡ್ ಅಂತ ಇಟ್ಟರೆ ಯಾವ ದೇಶಕ್ಕೆ ಹೋದರೂ ಯಾರ್ಡ್‌ನಲ್ಲೇ ಹೇಳುತ್ತದೆ. ಕೋರ್ಸ್ ನಕ್ಷೆಗಳನ್ನು ಮಾತ್ರ ಹೊರಡುವ ಮೊದಲೇ ಇಳಿಸಿಕೊಳ್ಳಿ. ಕಡಲ ತೀರದ ಕೋರ್ಸ್‌ಗಳಲ್ಲಿ ಸಿಗ್ನಲ್ ನಂಬುವಂತಿಲ್ಲ.

ನನ್ನ ಪ್ರವಾಸದ ರೀತಿಯನ್ನೇ ಬದಲಾಯಿಸಿದ್ದು ಇನ್ನೊಂದು ಪುಟ. ದಿನಕ್ಕೆ 36 ಹೋಲ್ ಆಡಿದ ದಿನಗಳನ್ನು ಬೇರೆ ಮಾಡಿ ನೋಡಿದರೆ, ಎರಡನೇ ಸುತ್ತಿನ ಕೊನೆಯ ಒಂಬತ್ತರಲ್ಲಿ ಎಲ್ಲ ಕ್ಲಬ್‌ಗಳ ದೂರವೂ ಕುಸಿದಿತ್ತು. ಅಷ್ಟು ದೂರ ಹೋಗಿ, ಹೆಸರಾಂತ ಕೋರ್ಸ್‌ನ ಕೊನೆಯ ಹೋಲ್‌ಗಳನ್ನು ಕಾಲೆಳೆದುಕೊಂಡು ಮುಗಿಸುವುದರಲ್ಲಿ ಏನು ಸುಖ? ಈಗ ನಡುವೆ ಖಾಲಿ ದಿನ ಇಟ್ಟುಕೊಳ್ಳುತ್ತೇನೆ. ಸ್ಕಾಟ್ಲೆಂಡ್‌ನ ಸೇಂಟ್ ಆಂಡ್ರೂಸ್ ಕಡೆ ಹೋಗುವವರಿಗೆ ಅದು ಇನ್ನೊಂದು ರೀತಿಯಲ್ಲೂ ಒದಗುತ್ತದೆ. ಅಲ್ಲಿನ ಓಲ್ಡ್ ಕೋರ್ಸ್‌ನಲ್ಲಿ ಆಡಲು ಬ್ಯಾಲಟ್‌ಗೆ ಆಡುವ ದಿನಕ್ಕೆ ಎರಡು ದಿನ ಮೊದಲು ಹೆಸರು ಕೊಡಬೇಕು. ಲಾಟರಿ ಇದ್ದ ಹಾಗೆ, ಬಂದರೆ ಬಂತು. ಸಾಮಾನ್ಯವಾಗಿ ಭಾನುವಾರ ಅಲ್ಲಿ ಆಟವಿಲ್ಲ. ಖಾಲಿ ದಿನ ಕೈಯಲ್ಲಿದ್ದರೆ ಹೆಸರು ಬಂದಾಗ ಬೇರೆ ಬುಕಿಂಗ್ ಕೈಬಿಡಬೇಕಾಗುವುದಿಲ್ಲ. ಹ್ಯಾಂಡಿಕ್ಯಾಪ್ ಪ್ರಮಾಣಪತ್ರವನ್ನು ಜೊತೆಗಿಟ್ಟುಕೊಳ್ಳಿ.

ಸ್ಪರ್ಧೆ ಆಡುವವರಿಗೆ ಒಂದು ಮಾತು. 2019ರಿಂದ ಇರುವ ನಿಯಮದ ಪ್ರಕಾರ ದೂರ ಅಳೆಯುವ ಸಾಧನ ಬಳಸಬಹುದು, ಸ್ಥಳೀಯ ನಿಯಮ ಬೇಡ ಅನ್ನದಿದ್ದರೆ. ಆದರೆ ನೆಲದ ಏರಿಳಿತ ಅಳೆಯುವುದು, ಚೆಂಡಿರುವ ಜಾಗ ನೋಡಿ ಇಂಥ ಕ್ಲಬ್ ತೆಗೆದುಕೋ ಅಂತ ಸಾಧನದಿಂದ ಹೇಳಿಸಿಕೊಳ್ಳುವುದು ನಿಷಿದ್ಧ. ಮೊದಲ ಸಲಕ್ಕೆ ಸ್ಟ್ರೋಕ್ ಪ್ಲೇನಲ್ಲಿ (ಒಟ್ಟು ಹೊಡೆತ ಎಣಿಸುವ ಸ್ಪರ್ಧೆ) ಎರಡು ಹೊಡೆತದ ದಂಡ, ಎರಡನೇ ಸಲಕ್ಕೆ ಆಟದಿಂದಲೇ ಹೊರಗೆ. ಟ್ರ್ಯಾಕರ್‌ಗಳು ಜಂಬದಿಂದ ಮಾರುವ ಸೌಲಭ್ಯಗಳು ಇವೇ. ಸ್ಪರ್ಧೆಯ ಮೋಡ್ ಇದೆಯೇ ಅಂತ ನೋಡಿ, ಟೀಗೆ ಬರುವ ಮೊದಲೇ ಹಾಕಿಡಿ.

ಈಗ ಸಿಟ್ಟಿನ ಭಾಗ. ಸೆನ್ಸರ್‌ಗಳಿಗೆ ಕೊಟ್ಟ ಹಣ ಒಂದು ಕಡೆ, ವರ್ಷವರ್ಷ ಚಂದಾ ಇನ್ನೊಂದು ಕಡೆ. ಚಂದಾ ನಿಲ್ಲಿಸಿದರೆ ಸೆನ್ಸರ್‌ಗಳು ಗ್ರಿಪ್ ತುದಿಯ ಅಲಂಕಾರ ಆಗಿ ಉಳಿಯುತ್ತವೆ. ನನ್ನದೇ ಹಳೆಯ ಸುತ್ತುಗಳನ್ನು ಒಂದು ಸಾದಾ ಫೈಲಿಗೆ ಇಳಿಸಿಕೊಳ್ಳಲು ದಾರಿ ಕೇಳಿ ಬರೆದೆ. ಆಪ್ ಅನ್ನು ಅಳಿಸಿ ಮತ್ತೆ ಹಾಕಿ ನೋಡಿ ಅನ್ನುವ ಉತ್ತರ ಬಂತು. ಕೇಳಿದ್ದೇನು, ಹೇಳಿದ್ದೇನು! ಕೆಲವು ಸೆನ್ಸರ್‌ಗಳ ಬ್ಯಾಟರಿ ಬದಲಾಯಿಸಲು ಬರುವುದಿಲ್ಲ, ಸತ್ತರೆ ಹೊಸದೇ ಕೊಳ್ಳಬೇಕು. ಬದಲಾಯಿಸಲು ಬರುವ ಮಾದರಿ ಸಿಕ್ಕರೆ ಅದನ್ನೇ ಆರಿಸಿ. ವಿಮಾನದಲ್ಲಿ ಹೋಗುವಾಗ ಬಿಡಿ ಲಿಥಿಯಂ ಬ್ಯಾಟರಿಗಳು, ಪವರ್ ಬ್ಯಾಂಕ್ ಕೈಚೀಲದಲ್ಲಿರಲಿ, ಕ್ಲಬ್ ಜೊತೆ ಚೆಕ್-ಇನ್ ಮಾಡುವಂತಿಲ್ಲ. ಹೊಸ ಗ್ರಿಪ್ ಹಾಕಿಸುವಾಗ ಸೆನ್ಸರ್ ಬಿಚ್ಚಿ ಯಾವುದು ಯಾವ ಕ್ಲಬ್‌ದು ಅಂತ ಚೀಟಿ ಅಂಟಿಸಿಡಿ. ಅದಲುಬದಲಾದರೆ ಎಲ್ಲವನ್ನೂ ಮತ್ತೆ ಜೋಡಿಸಬೇಕು.

ಯಾರು ಕೊಳ್ಳಬಹುದು? ತಿಂಗಳಿಗೆ ಎರಡು ಮೂರು ಸಲವಾದರೂ ಆಡುವವರು, ವರ್ಷಕ್ಕೊಮ್ಮೆಯಾದರೂ ಬೇರೆ ಊರಿಗೆ ಕ್ಲಬ್ ಹೊತ್ತುಕೊಂಡು ಹೋಗುವವರು, ಕೂತು ತಿದ್ದಲು ಬೇಸರಪಡದವರು. ಆಗತಾನೆ ಆಟ ಕಲಿಯುತ್ತಿರುವವರು ಅದೇ ದುಡ್ಡನ್ನು ಪಾಠಗಳಿಗೆ ಹಾಕಿ. ಬರೀ ದೂರ ತಿಳಿದರೆ ಸಾಕು ಅನ್ನುವವರಿಗೆ ಲೇಸರ್ ರೇಂಜ್‌ಫೈಂಡರ್ ಇದೆ. ಅದಕ್ಕೆ ಚಂದಾ ಇಲ್ಲ, ಬಾವುಟದ ತನಕ ಸರಿಯಾಗಿ ಹೇಳುತ್ತದೆ. ನಾನು ಚಂದಾ ಮುಂದುವರಿಸಿದ್ದೇನೆ. ಪಟರ್‌ನ ಸೆನ್ಸರ್ ಮಾತ್ರ ಬಿಚ್ಚಿ ಇಟ್ಟಿದ್ದೇನೆ. ಪಟ್‌ಗಳನ್ನು ಸ್ಕೋರ್‌ಕಾರ್ಡ್‌ನಲ್ಲಿ ಪೆನ್ಸಿಲ್‌ನಿಂದ ಬರೆದುಕೊಂಡು ಆಮೇಲೆ ಆಪ್‌ಗೆ ತುಂಬಿಸುತ್ತೇನೆ.