‘ಅನಾಯ್’ ಎಂದರೇನು? ಒಂದು ನಿಘಂಟು ಆ್ಯಪ್‌ನ ವಿಮರ್ಶೆ

ಉಚಿತವಾಗಿ ಸಿಗುವ ಇಂಗ್ಲಿಷ್–ಕನ್ನಡ ನಿಘಂಟು ಆ್ಯಪ್ ಒಂದರಲ್ಲಿ ‘ಅನಾಯ್’ ಕ್ರಿಯಾಪದವನ್ನು ಹುಡುಕಿದರೆ ‘ಕಿರಿಕಿರಿ ಮಾಡು, ಪೀಡಿಸು, ಕೋಪಗೊಳಿಸು’ ಎಂಬ ಅರ್ಥಗಳು ಥಟ್ಟನೆ ತೆರೆದುಕೊಳ್ಳುತ್ತವೆ. ಮೊದಲನೆಯದು ಸರಿಯಾಗಿದೆ, ಉಳಿದೆರಡು ತುಸು ಅತಿಯಾದವು, ಏಕೆಂದರೆ ಈ ಪದ ಸಾಮಾನ್ಯವಾಗಿ ಸೂಚಿಸುವುದು ಪದೇ ಪದೇ ರಿಂಗಣಿಸುವ ಫೋನು ಹುಟ್ಟಿಸುವಂಥ ಸಣ್ಣ ಅಸಹನೆಯನ್ನೇ ಹೊರತು ಕೆಂಡಾಮಂಡಲವಾಗುವ ಸಿಟ್ಟನ್ನಲ್ಲ.

ನಿಜವಾದ ಕೊರತೆ ಇರುವುದು ಬಳಕೆಯ ವಿವರಣೆಯಲ್ಲಿ. ‘ಐ ಆ್ಯಮ್ ಅನಾಯ್ಡ್’ ಎಂದರೆ ನನಗೆ ಕಿರಿಕಿರಿಯಾಗಿದೆ ಎಂದರ್ಥ. ‘ಐ ಆ್ಯಮ್ ಅನಾಯಿಂಗ್’ ಎಂದರೆ ಕಿರಿಕಿರಿ ಮಾಡುವವನೇ ನಾನು ಎಂದು ಒಪ್ಪಿಕೊಂಡಂತೆ. ಕನ್ನಡ ಮಾಧ್ಯಮದ ವಿದ್ಯಾರ್ಥಿಗಳು ಎಡವುವ ಈ ಜಾಗದಲ್ಲೇ ಆ್ಯಪ್ ಮೌನವಾಗಿದೆ. ವ್ಯಕ್ತಿಯ ಮೇಲಿನ ಬೇಸರಕ್ಕೆ ‘ವಿತ್’, ಸಂಗತಿಯ ಕುರಿತಾದರೆ ‘ಅಬೌಟ್’ ಅಥವಾ ‘ಆ್ಯಟ್’ ಎಂಬ ಸುಳಿವೂ ಇಲ್ಲ. ‘ಇರಿಟೇಟ್’ ಪದವನ್ನು ಸಮಾನಾರ್ಥಕವೆಂದು ಕೊಟ್ಟಿದ್ದಾರೆ. ಆದರೆ ಹೊಗೆ ಕಣ್ಣನ್ನು ‘ಇರಿಟೇಟ್’ ಮಾಡುತ್ತದೆ, ‘ಅನಾಯ್’ ಮಾಡುವುದಿಲ್ಲ.

ನಾಮಪದವಾದ ‘ಅನಾಯನ್ಸ್’ ನಮೂದೇ ಆಗಿಲ್ಲ. ಆಕ್ಷೇಪಾರ್ಹ ಆನ್‌ಲೈನ್ ಸಂದೇಶಗಳಿಗೆ ಶಿಕ್ಷೆ ವಿಧಿಸುತ್ತಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮಿನಲ್ಲಿದ್ದ ಈ ಪದದ ಅಸ್ಪಷ್ಟತೆಯೂ ಸುಪ್ರೀಂ ಕೋರ್ಟ್ 2015ರಲ್ಲಿ ಆ ಕಲಮನ್ನು ರದ್ದುಪಡಿಸಲು ಒಂದು ಕಾರಣವಾಗಿತ್ತೆಂಬುದನ್ನು ನೆನೆದರೆ ಇದು ಸಣ್ಣ ಲೋಪವಲ್ಲ. ಉಚ್ಚಾರಣೆಯ ಧ್ವನಿ ಸ್ಪಷ್ಟವಾಗಿದೆ, ಇಂಟರ್ನೆಟ್ ಇಲ್ಲದೆಯೂ ಹುಡುಕಬಹುದು. ಪ್ರತಿ ಹುಡುಕಾಟದ ನಡುವೆ ತೂರಿಬರುವ ಜಾಹೀರಾತು ಮಾತ್ರ ಪದದ ಅರ್ಥವನ್ನು ನಮೂದಿಗಿಂತ ಚೆನ್ನಾಗಿ ತಿಳಿಸುತ್ತದೆ. ಅವಸರಕ್ಕೆ ಒಂದು ಅರ್ಥ ನೋಡಿಕೊಳ್ಳಲು ಇದು ಸಾಕು. ವಾಕ್ಯ ರಚಿಸಬೇಕಾದವರು ಉದಾಹರಣೆಗಳಿರುವ ಮುದ್ರಿತ ನಿಘಂಟನ್ನೇ ಕೊಳ್ಳುವುದು ಒಳಿತು.