ಕಲಿಸುವ ಆಸ್ಪತ್ರೆಯ ಮೆಡಿಸಿನ್ ವಾರ್ಡ್: ರೌಂಡ್ಸ್‌ಗೆ ಪೂರ್ತಿ ಮಾರ್ಕ್ಸ್, ಭಾನುವಾರಕ್ಕೆ ಸೊನ್ನೆ

ಮೆಡಿಕಲ್ ಕಾಲೇಜಿನ ಆಸ್ಪತ್ರೆ ಅಂದ ತಕ್ಷಣ "ಅಯ್ಯೋ, ಅಲ್ಲಿ ಹುಡುಗರು ನಿಮ್ಮ ಮೇಲೆ ಪ್ರಯೋಗ ಮಾಡ್ತಾರೆ" ಅನ್ನುವವರೇ ಜಾಸ್ತಿ. ನಮಗೂ ಹೇಳಿದರು. ಅಪ್ಪನಿಗೆ ನ್ಯುಮೋನಿಯಾ ಆದಾಗ ಅಂಥದ್ದೇ ಒಂದು ಆಸ್ಪತ್ರೆಯ ಮೆಡಿಸಿನ್ ವಾರ್ಡಿಗೆ ಸೇರಿಸಿದ್ದೆವು, ಜೊತೆಗೆ ನಾನಿದ್ದೆ. ಆಸ್ಪತ್ರೆಯ ಹೆಸರು ಬರೆಯುತ್ತಿಲ್ಲ. ಹೊಗಳುವುದೂ ಇದೆ, ಬಯ್ಯುವುದೂ ಇದೆ, ಎರಡೂ ಇಂಥ ಬೇರೆ ಆಸ್ಪತ್ರೆಗಳಿಗೂ ಹೊಂದುತ್ತವೆ ಅನ್ನಿಸುತ್ತದೆ.

ಮೊದಲು ಬೆಳಗಿನ ರೌಂಡ್ಸ್. ಮುಂದೆ ಹಿರಿಯ ಡಾಕ್ಟರಮ್ಮ, ಅವರ ಹಿಂದೆ ಪಿಜಿಗಳು (ಎಂಬಿಬಿಎಸ್ ಮುಗಿಸಿ ಮುಂದೆ ಓದುತ್ತಿರುವ ಡಾಕ್ಟರುಗಳು), ಹೌಸ್ ಸರ್ಜನ್‌ಗಳು (ಎಂಬಿಬಿಎಸ್‌ನ ಕೊನೆಯ ಹಂತದ ಇಂಟರ್ನ್‌ಗಳು), ಕೇಸ್ ಶೀಟ್ ಹಿಡಿದ ಸಿಸ್ಟರ್. ಎಷ್ಟೋ ಕಡೆ ಈ ಗುಂಪು ಮಂಚದ ಕಾಲ ಹತ್ತಿರ ನಿಂತು ತಮ್ಮತಮ್ಮಲ್ಲೇ ಏನೋ ಮಾತಾಡಿಕೊಂಡು ಮುಂದಿನ ಬೆಡ್‌ಗೆ ಹೋಗಿಬಿಡುತ್ತದೆ, ಮಲಗಿದವರು ಪಿಳಿಪಿಳಿ ನೋಡುತ್ತಿರಬೇಕು. ಇಲ್ಲಿ ಹಾಗಲ್ಲ. ಪಿಜಿ ಡಾಕ್ಟರ್ ಅಪ್ಪನ ಪಕ್ಕದಲ್ಲೇ ನಿಂತು, ಅಪ್ಪನಿಗೂ ಅರ್ಥವಾಗುವ ಹಾಗೆ ಕೇಸ್ ಹೇಳಬೇಕು. ಹೇಳಿ ಮುಗಿದ ಮೇಲೆ ಡಾಕ್ಟರಮ್ಮ ಅಪ್ಪನ ಕಡೆ ತಿರುಗಿ "ಇವರು ಹೇಳಿದ್ದೆಲ್ಲ ಸರೀನಾ? ಏನಾದ್ರೂ ಬಿಟ್ರಾ?" ಅಂತ ಕೇಳಿದರು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು "ಬಿಪಿ ಮಾತ್ರೆ ಬಿಟ್ಟು ತುಂಬಾ ದಿನ ಆಯ್ತು" ಅಂದರು. ಮನೆಯವರಾದ ನಮಗೇ ಗೊತ್ತಿರಲಿಲ್ಲ! ಶೀಟಿನಲ್ಲಿ ದಿನಾ ತಗೊಳ್ಳುತ್ತಾರೆ ಅಂತ ಬರೆದಿತ್ತು. ಪಿಜಿ ತಲೆ ತಗ್ಗಿಸಿದರು. ಡಾಕ್ಟರಮ್ಮ ಬಯ್ಯಲಿಲ್ಲ. "ಯಾವ ಮಾತ್ರೆ ಅಂತ ಕೇಳಿದ್ರೆ ಸಾಲದು, ಕೊನೇ ಸಲ ಯಾವಾಗ ತಗೊಂಡ್ರಿ ಅಂತ ಕೇಳಿ" ಅಂದರು, ಅಷ್ಟೇ.

ಮಂಚದ ಪಕ್ಕದ ಪಾಠ ಹೊಸದೇನಲ್ಲ. ವಿಲಿಯಂ ಆಸ್ಲರ್ ಅನ್ನುವ ಹೆಸರಾಂತ ಡಾಕ್ಟರು 1890ರ ದಶಕದಲ್ಲೇ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ವಿದ್ಯಾರ್ಥಿಗಳನ್ನು ತರಗತಿಯಿಂದ ವಾರ್ಡಿಗೆ ಕರೆತಂದಿದ್ದರು. ಈಗ ಬಹಳ ಕಡೆ ರೌಂಡ್ಸ್ ಅಂದರೆ ಒಂದು ರೂಮಿನಲ್ಲಿ ಕಂಪ್ಯೂಟರ್ ನೋಡಿಕೊಂಡು ಮಾತಾಡುವುದು ಅಂತಾಗಿದೆ. ಅಪ್ಪ ಮಾತ್ರೆ ಬಿಟ್ಟಿದ್ದು ಯಾವ ಕಂಪ್ಯೂಟರಿನಲ್ಲೂ ಇರಲಿಲ್ಲ.

ಸೂಜಿ ಚುಚ್ಚುವ ವಿಷಯವೂ ಹೇಳಬೇಕು, ಎಲ್ಲರ ಹೆದರಿಕೆ ಅದೇ ತಾನೇ. ಡ್ರಿಪ್ ಹಾಕಿದ್ದ ಕೈ ಊದಿಕೊಂಡಾಗ ಒಬ್ಬ ಹೌಸ್ ಸರ್ಜನ್ ಬಂದು ಎರಡು ಸಲ ಪ್ರಯತ್ನಿಸಿದ. ನರ ಸಿಗಲಿಲ್ಲ. "ಇನ್ನು ನಾನು ಚುಚ್ಚಲ್ಲ, ಸೀನಿಯರ್‌ನ ಕರೀತೀನಿ" ಅಂದ, ಕರೆದ, ಅವರು ಬಂದು ಹಾಕಿದರು. ಮೊದಲು ರಬ್ಬರ್ ಕೈ ಮೇಲೆ ಕಲಿಸುತ್ತಾರಂತೆ. ಕಲಿಯುವವರು ಎಲ್ಲಿ ನಿಲ್ಲಿಸಬೇಕು ಅನ್ನುವುದನ್ನೂ ಕಲಿತಿದ್ದರೆ ನನಗೆ ಹೆದರಿಕೆ ಇಲ್ಲ.

ಈಗ ಹ್ಯಾಂಡೋವರ್. ಹಗಲಿನ ಡಾಕ್ಟರು ಹೊರಡುವ ಮುಂಚೆ ರಾತ್ರಿಯವರಿಗೆ ಒಂದೊಂದು ಬೆಡ್ ಬಗ್ಗೆ ಹೇಳಿ ಹೋಗಬೇಕು. ಅದಕ್ಕೆ ಇಲ್ಲಿ ಅಚ್ಚು ಹಾಕಿಸಿದ ಹಾಳೆ ಇದೆ. ಯಾರು ಎಷ್ಟು ಸೀರಿಯಸ್, ಇಲ್ಲಿವರೆಗೆ ಏನಾಯಿತು, ರಾತ್ರಿ ಏನೇನು ಕೆಲಸ ಬಾಕಿ, ಅಕಸ್ಮಾತ್ ಹೀಗಾದರೆ ಏನು ಮಾಡಬೇಕು. ಕೊನೆಗೆ ಕೇಳಿಸಿಕೊಂಡವರು ಅದನ್ನೆಲ್ಲ ತಮ್ಮ ಬಾಯಲ್ಲಿ ತಿರುಗಿ ಹೇಳಬೇಕು. ಐ-ಪಾಸ್ ಅಂತ ಈ ಪದ್ಧತಿಯ ಹೆಸರು. 9 ಆಸ್ಪತ್ರೆಗಳ ಮಕ್ಕಳ ವಿಭಾಗಗಳಲ್ಲಿ ಇದನ್ನು ಜಾರಿಗೆ ತಂದು ನೋಡಿದ ಅಧ್ಯಯನ 2014ರಲ್ಲಿ ಬಂತು. ವೈದ್ಯಕೀಯ ತಪ್ಪುಗಳು ಶೇ. 23ರಷ್ಟು ಇಳಿದಿದ್ದವು, ತಡೆಯಬಹುದಾಗಿದ್ದ ಹಾನಿ ಶೇ. 30ರಷ್ಟು. ಹೊಸ ಔಷಧಿಯಿಲ್ಲ, ಹೊಸ ಮಷೀನಿಲ್ಲ, ಸುಮ್ನೆ ಸರಿಯಾಗಿ ಹೇಳಿ ಹೋಗುವುದನ್ನು ಕಲಿಸಿದ್ದಕ್ಕೆ ಇಷ್ಟು.

ಭಾನುವಾರ ಮಾತ್ರ ಈ ಹಾಳೆ ನಾಪತ್ತೆ. ಡಾಕ್ಟರು ಕಮ್ಮಿ, ಹೊರಟವರು ಫೋನಿನಲ್ಲೇ "ಎಲ್ಲಾ ಸ್ಟೇಬಲ್, ನೋಡ್ಕೊಳ್ಳಿ" ಅಂದು ಮುಗಿಸಿದರು, ನಾನು ಅಲ್ಲೇ ನಿಂತಿದ್ದೆ. ಅಪ್ಪನ ಕಫದ ಕಲ್ಚರ್ ರಿಪೋರ್ಟ್ ಸಂಜೆಯೇ ಬಂದಿತ್ತು, ಕೊಡುತ್ತಿದ್ದ ಆಂಟಿಬಯಾಟಿಕ್ ಆ ಬ್ಯಾಕ್ಟೀರಿಯಾಕ್ಕೆ ಕೆಲಸ ಮಾಡುವುದಿಲ್ಲ ಅಂತ ಅದರಲ್ಲಿತ್ತು, ಆದರೆ ರಾತ್ರಿ ಡ್ಯೂಟಿಯವರಿಗೆ ರಿಪೋರ್ಟ್ ಬಂದಿರುವುದೇ ಗೊತ್ತಿಲ್ಲ. ರಾತ್ರಿಯೂ ಅದೇ ಔಷಧಿ ಹೋಯಿತು. ಸೋಮವಾರದ ರೌಂಡ್ಸ್‌ನಲ್ಲಿ ಬದಲಾಯಿಸಿದರು, ಅಪ್ಪ ಹುಷಾರಾದರು. ಹುಷಾರಾದರು ಅನ್ನುವ ಕಾರಣಕ್ಕೆ ಇದನ್ನು ಬಿಟ್ಟುಬಿಡಲು ನನಗೆ ಆಗುವುದಿಲ್ಲ. ವಾರದ ಆರು ದಿನ ಚೆನ್ನಾಗಿ ಮಾಡಲು ಬರುತ್ತದೆ ಅಂದಮೇಲೆ ಏಳನೇ ದಿನ ಬರುವುದಿಲ್ಲ ಅಂದರೆ ಏನರ್ಥ?

ಆ ರಾತ್ರಿಯ ಡಾಕ್ಟರ್ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ. ಹಿಂದಿನ ದಿನದಿಂದ ಡ್ಯೂಟಿಯಲ್ಲೇ ಇದ್ದರಂತೆ, ಕೂತಲ್ಲೇ ತೂಕಡಿಸುತ್ತಿದ್ದರು. ನ್ಯೂಯಾರ್ಕಿನಲ್ಲಿ 1984ರಲ್ಲಿ ಲಿಬ್ಬಿ ಝಯಾನ್ ಅನ್ನುವ 18 ವರ್ಷದ ಹುಡುಗಿ ಆಸ್ಪತ್ರೆ ಸೇರಿದ ಕೆಲವೇ ಗಂಟೆಗಳಲ್ಲಿ ತೀರಿಕೊಂಡ ಮೇಲೆ ಜೂನಿಯರ್ ಡಾಕ್ಟರುಗಳ ದಣಿವಿನ ಮಾತು ಜೋರಾಗಿ ಶುರುವಾಯಿತು, ಅಮೆರಿಕ ಪೂರ್ತಿ ವಾರಕ್ಕೆ 80 ಗಂಟೆಯ ಮಿತಿ ಬರಲು 2003 ಆಯಿತು. ಎಂಬತ್ತೂ ಕಮ್ಮಿಯೇನಲ್ಲ ಅಲ್ವಾ! ಐಸಿಯುಗಳಲ್ಲಿ ಮಾಡಿದ 2004ರ ಒಂದು ಅಧ್ಯಯನದಲ್ಲಿ, 24 ಗಂಟೆಗೂ ಮೀರಿದ ಹಳೇ ಪದ್ಧತಿಯ ಡ್ಯೂಟಿಯಲ್ಲಿ ಇಂಟರ್ನ್‌ಗಳು ಮಾಡಿದ ಗಂಭೀರ ತಪ್ಪುಗಳು ಶೇ. 36ರಷ್ಟು ಜಾಸ್ತಿ ಇದ್ದವು. ಆದರೆ ಗಂಟೆ ಕಮ್ಮಿ ಮಾಡಿದರೆ ಡ್ಯೂಟಿ ಬದಲಾಗುವುದು ಜಾಸ್ತಿಯಾಗುತ್ತದೆ, ಬದಲಾದಾಗಲೆಲ್ಲ ಏನೋ ಒಂದು ಬಿಟ್ಟುಹೋಗುವ ಭಯ ಇದ್ದೇ ಇರುತ್ತದೆ. ನಿದ್ದೆಯೂ ಬೇಕು, ಆ ಹಾಳೆಯೂ ಬೇಕು. ಒಂದನ್ನು ಕೊಟ್ಟು ಇನ್ನೊಂದನ್ನು ಬಿಟ್ಟರೆ ಆಗುವುದಿಲ್ಲ.

ಡಿಸ್ಚಾರ್ಜ್ ಕೂಡ ಸುಮಾರು. ಸಮರಿ, ಅಂದರೆ ಚಿಕಿತ್ಸೆ ಮತ್ತು ಮಾತ್ರೆಗಳ ವಿವರ ಬರೆದ ಕಾಗದ, ಕೈಗೆ ಕೊಟ್ಟು "ಅರ್ಥ ಆಯ್ತಾ?" ಅಂತ ಕೇಳಿದರು. ಮನೆಗೆ ಹೋಗುವ ಆತುರದಲ್ಲಿ ಯಾರು ತಾನೇ ಇಲ್ಲ ಅನ್ನುತ್ತಾರೆ? ಮಾತ್ರೆಗಳ ಮುಂದೆ ಓಡಿ, ಬಿಡಿ, ಟಿಡಿಎಸ್ ಅಂತ ಇತ್ತು, ಅಂದರೆ ದಿನಕ್ಕೆ ಒಂದು, ಎರಡು, ಮೂರು ಸಲ, ಹಾಗೇ ಬರೆದರೆ ಗಂಟೇನು ಹೋಗುತ್ತದೆ? "ಯಾವ ಮಾತ್ರೆ ಯಾವಾಗ ತಗೋತೀರಿ, ನೀವೇ ಒಂದ್ಸಲ ಹೇಳಿ ನೋಡೋಣ" ಅಂದಿದ್ದರೆ ಎರಡು ನಿಮಿಷದ ಕೆಲಸ. ರಾತ್ರಿ ಡಾಕ್ಟರಿಂದ ತಿರುಗಿ ಹೇಳಿಸುವವರಿಗೆ ನಮ್ಮಿಂದ ಹೇಳಿಸಲು ಯಾಕೆ ಹೊಳೆಯಲಿಲ್ಲವೋ.

ಹೊರಡುವಾಗ ಅಭಿಪ್ರಾಯದ ಫಾರಂ ಕೊಟ್ಟರು. ಬೆಡ್‌ಶೀಟ್, ಬಾತ್‌ರೂಮ್, ರಿಸೆಪ್ಶನ್‌ನವರ ನಡವಳಿಕೆ, ಎಲ್ಲದಕ್ಕೂ ಒಂದೊಂದು ಪ್ರಶ್ನೆ. ಡಾಕ್ಟರು ಬಿಡಿಸಿ ಹೇಳಿದರಾ ಅಂತ ಒಂದೂ ಇಲ್ಲ. ಭಾನುವಾರದ ಕಥೆಯನ್ನು ಹಿಂದುಗಡೆ ಬರೆದು ಕೊಟ್ಟಿದ್ದೇನೆ, ಡಾಕ್ಟರಮ್ಮನ ರೌಂಡ್ಸ್ ಬಗ್ಗೆಯೂ ಬರೆದಿದ್ದೇನೆ.

ಐದಕ್ಕೆ ಮೂರೂವರೆ. ಮತ್ತೆ ಬೇಕಾದರೆ ಇಲ್ಲಿಗೇ ಹೋಗುತ್ತೇನೆ, ಆದರೆ ಶನಿವಾರ ಸಂಜೆಯೇ "ನಾಳೆ ರಿಪೋರ್ಟ್ ಬಂದ್ರೆ ಯಾರು ನೋಡ್ತಾರೆ, ಸೀನಿಯರ್ ಯಾರು?" ಅಂತ ಕೇಳಿ ಬರೆದಿಟ್ಟುಕೊಳ್ಳುತ್ತೇನೆ. ನೀವೂ ಕೇಳಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.